ನೊಣದಕ್ಕನ ತಂಗಿ ಬೇಡ ಎಂದದ್ದು

ಕೆಲಸವಿಲ್ಲದವರು ನೊಣ ಹೊಡೆಯುತ್ತ ಕೂರುತ್ತಾರೆ ಎಂದು ಮಾತಿದೆ. ಇವಳಿಗೆ ನೊಣವನ್ನು ಹೊಡೆಯದೆ ಸಾಕುವುದೇ ಕೆಲಸವಾಗಿತ್ತು. ಬೀದಿಯವರಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿರಲಿಲ್ಲ. "ಏನಮ್ಮಾ, ಮಕ್ಕಳೆಲ್ಲ ಚೆನ್ನಾಗಿದಾವಾ? ಮೊಮ್ಮಕ್ಕಳಾದ್ವಾ?" ಎಂದು ಕೆಳಮನೆಯ ಬೀಗ ರಿಪೇರಿಯವನು ದಿನಾ ಕೇಳುವನು. "ಮರಿಮಕ್ಕಳೂ ಆದ್ವು. ಒಂದು ಬಾಟ್ಲಿ ನಿನ್ನ ಅಂಗಡಿಗೆ ಕಳಿಸ್ಲಾ?" ಎಂದು ಇವಳು ಮೆಟ್ಟಿಲಿಳಿಯುತ್ತಲೇ ಬಾಯಿಗೆ ಬಾಯಿ ಕೊಡುವಳು. ಹೀಗೆ ಅವಳು ಬೀದಿಗೆಲ್ಲ ನೊಣದಕ್ಕ ಆದಳು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. ಅಕ್ಕ ಎನ್ನುವುದು ಹೇಗಿದ್ದರೂ ಅವಳ ಹುಟ್ಟಿನ ಜೊತೆಗೇ ಅಂಟಿಕೊಂಡಿದ್ದ ಕೆಲಸ.

ಅವಳು ದುಡಿಯುತ್ತಿದ್ದದ್ದು ಕಾಲೇಜಿನ ಹಳೆಯ ಕಟ್ಟಡದ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ. ಕೊಳೆತ ಬಾಳೆಹಣ್ಣಿಗೆ ಮುತ್ತುವ, ಎಳ್ಳುಕಾಳಿನಷ್ಟು ದೊಡ್ಡ, ಕೆಂಪು ಕಣ್ಣಿನ ಹಣ್ಣಿನ ನೊಣಗಳನ್ನು ಅಲ್ಲಿ ಗಾಜಿನ ಬಾಟಲಿಗಳಲ್ಲಿ ಸಾಕುತ್ತಿದ್ದರು. ಬೆಳಿಗ್ಗೆ ಬಂದವಳೇ ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಸೇರಿಸಿ ದೊಡ್ಡ ಪಾತ್ರೆಯಲ್ಲಿ ಗಂಜಿಯ ಹಾಗೆ ಕುದಿಸಿ ಬಾಟಲಿಗಳ ತಳಕ್ಕೆ ಹೊಯ್ಯುವಳು. ಅದು ಆರಿ ಗಟ್ಟಿಯಾಗುವಷ್ಟರಲ್ಲಿ ಹಳೆಯ ಬಾಟಲಿ ತೊಳೆದು, ಹತ್ತಿಯ ಬಿರಡೆಗಳನ್ನು ಬಿಸಿಗೆ ಇಟ್ಟು, ಸೂಕ್ಷ್ಮದರ್ಶಕದ ಮೇಲೆ ಬಗ್ಗುವಳು. ನೊಣಗಳಿಗೆ ಮಂಪರು ಬರುವ ಗಾಳಿ ಊದಿ, ಬಿಳಿ ತಟ್ಟೆಯ ಮೇಲೆ ಸುರಿದು, ಸಣ್ಣ ಕುಂಚದ ತುದಿಯಿಂದ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ ಸರಿಸುವುದು. ಬಗ್ಗಿ ಬಗ್ಗಿ ಅವಳ ಕುತ್ತಿಗೆ ಮೂವತ್ತಕ್ಕೇ ಮುದಿಯಾಗಿತ್ತು. ಕೂದಲಿನಿಂದ ಯೀಸ್ಟಿನ ಹುಳಿ ವಾಸನೆ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ಅವಳು ಕಿಟಕಿ ತೆರೆಯುವಳು, ಅವರಿಗೇ ಉಪಕಾರ ಮಾಡಿದಂತೆ.

ಎಲ್ಲಕ್ಕಿಂತ ನಾಜೂಕಿನ ಕೆಲಸವೆಂದರೆ ಕನ್ಯೆಯರನ್ನು ಆರಿಸುವುದು. ಆಗತಾನೇ ಕೋಶ ಒಡೆದು ಬಂದ ಹೆಣ್ಣುನೊಣ ಬಿಳಿಚಿಕೊಂಡು ಮೆತ್ತಗಿರುತ್ತದೆ, ಹೊಟ್ಟೆಯೊಳಗೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಆ ಚುಕ್ಕೆ ಮಾಯವಾಗುವ ಮೊದಲೇ ಅದನ್ನು ಗಂಡುಗಳಿಂದ ಬೇರ್ಪಡಿಸಿ ಇಡಬೇಕು. ತಡವಾದರೆ ಕೆಟ್ಟಿತು. ಒಮ್ಮೆ ಕೂಡಿದ ಹೆಣ್ಣು ಆಮೇಲೆ ಎಷ್ಟೋ ದಿನ ಯಾವ ಗಂಡನ್ನೂ ಹತ್ತಿರ ಸೇರಿಸುವುದಿಲ್ಲ. ಎಂಥ ಹಾಡು ಹಾಡಿದರೂ ಒದ್ದು ಓಡುತ್ತದೆ.

ಹೌದು, ಹಾಡು. ಗಂಡುನೊಣ ಹೆಣ್ಣಿನ ಹಿಂದೆ ಸುತ್ತಿ ಸುತ್ತಿ, ಒಂದೇ ಒಂದು ರೆಕ್ಕೆಯನ್ನು ಪಕ್ಕಕ್ಕೆ ಚಾಚಿ ನಡುಗಿಸುತ್ತದೆ. ನಮ್ಮ ಕಿವಿಗೆ ಏನೂ ಬೀಳುವುದಿಲ್ಲ. ಅಡಿಯಲ್ಲಿ ಮೈಕು ಇಟ್ಟು ದೊಡ್ಡದು ಮಾಡಿ ಕೇಳಿದರೆ ಮೊದಲು ಒಂದು ಗುಂಯ್‌ಗುಡುವಿಕೆ, ಆಮೇಲೆ ಟಕ್ ಟಕ್ ಟಕ್ ಎಂಬ ಬಡಿತ. ಹೆಣ್ಣು ತನ್ನ ಮೀಸೆಯ ತುದಿಯ ಪುಕ್ಕದಿಂದ ಅದನ್ನು ಕೇಳುತ್ತದೆ. ಬಡಿತಕ್ಕೂ ಬಡಿತಕ್ಕೂ ನಡುವಿನ ಬಿಡುವು ತನ್ನ ಕುಲದ ಗಂಡಿನದಾಗಿದ್ದರೆ ಅದರ ನಡಿಗೆ ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಬಿಡುವು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದು ದಾಯಾದಿ ಕುಲದ ಹಾಡಾಗಿಬಿಡುತ್ತದೆ, ಹೆಣ್ಣು ಓಡುತ್ತದೆ. ಗಂಡು ಎಷ್ಟೇ ಕುಣಿಯಲಿ, ಒಪ್ಪಬೇಕಾದವಳು ಅವಳು. ಪ್ರಯೋಗಾಲಯದ ಮುಖ್ಯಸ್ಥೆ ಪ್ರೊಫೆಸರ್ ಮೇಡಂ ಇದನ್ನು ಮೊದಲ ಸಲ ವಿವರಿಸಿದಾಗ ನೊಣದಕ್ಕ ನಕ್ಕಿದ್ದಳು. "ನೊಣಕ್ಕಿರೋ ಭಾಗ್ಯ ನೋಡಿ ಮೇಡಂ, ಮನೆ ಬಾಗಿಲಿಗೇ ಸಂಗೀತ ಕಚೇರಿ" ಎಂದಿದ್ದಳು.

ಅವಳ ಬಾಗಿಲಿಗೆ ಯಾರೂ ಹಾಡಲು ಬಂದಿರಲಿಲ್ಲ. ಅವ್ವ ಹೋದ ಮೇಲೆ, ಲಿಫ್ಟು ರಿಪೇರಿ ಮಾಡುತ್ತಿದ್ದ ಅಪ್ಪ ಅದೇ ಲಿಫ್ಟಿನ ಬಾವಿಯಲ್ಲಿ ಬಿದ್ದು ಹೋದ ಮೇಲೆ, ಇನ್ನೂ ಹಾಲುಹಲ್ಲು ಬೀಳುತ್ತಿದ್ದ ತಂಗಿ ಅವಳ ಸೊಂಟಕ್ಕೆ ಬಂದಳು. ಸೊಂಟದಲ್ಲಿ ಕೂಸಿರುವ ಹುಡುಗಿಯ ಹಿಂದೆ ಯಾರು ಸುತ್ತುತ್ತಾರೆ? ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ತರುತ್ತಿದ್ದವನೊಬ್ಬ ಕೆಲವು ವಾರ ಬಾಗಿಲಲ್ಲಿ ಸುಮ್ಮನೆ ನಿಂತು ಹೋಗುತ್ತಿದ್ದ. ಇವಳು ತಲೆಯೆತ್ತಿ ನೋಡುವಷ್ಟರಲ್ಲಿ ಅವನಿಗೆ ಬೇರೆಲ್ಲೋ ಮದುವೆಯಾಗಿತ್ತು. ಅವಳ ಪ್ರೇಮಕಥೆ ಇಷ್ಟೇ. ಅದಕ್ಕಾಗಿ ಅವಳು ಅಳಲಿಲ್ಲ. ಆದರೆ ತಂಗಿಯ ಬದುಕಿನಲ್ಲಿ ಹಾಗಾಗಬಾರದು ಎಂದು ಹಟ ಹಿಡಿದಳು, ಮತ್ತು ಹಟವನ್ನು ಪ್ರೀತಿ ಎಂದುಕೊಂಡಳು. ಎರಡೂ ಒಂದೇ ಬಟ್ಟಲಲ್ಲಿ ಕಲಸಿಹೋಗಿರುವಾಗ ಬೇರೆ ಮಾಡುವ ಕುಂಚ ಯಾರ ಹತ್ತಿರವೂ ಇಲ್ಲ.

ತಂಗಿ ಬೆಳೆದು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಅರೆಯುವವಳಾದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ, ನೀರು ತೊಟ್ಟಿಕ್ಕುವ ಅರೆಯುವ ಚಕ್ರದ ಮುಂದೆ ಕೂತು, ಗಾಜಿನ ಅಂಚನ್ನು ಚೌಕಟ್ಟಿಗೆ ತಕ್ಕಂತೆ ಸವೆಸುವುದು ಅವಳ ಕೆಲಸ. ಮಾತು ಕಡಿಮೆ. ಅಕ್ಕ ಹತ್ತು ಮಾತಾಡಿದರೆ ಇವಳದು ಒಂದು, ಅದೂ ಅರ್ಧ. ಆದರೆ ಇಬ್ಬರೂ ಸಂಜೆ ಎರಡು ಕೋಣೆಯ ಮನೆಯಲ್ಲಿ ಟೀ ಕುಡಿಯುತ್ತ ಕೂತರೆ ನಗು ಕೆಳಗಿನ ಬೀಗದಂಗಡಿಗೂ ಕೇಳುತ್ತಿತ್ತು. ಅಕ್ಕನ ಕುತ್ತಿಗೆಗೆ ತಂಗಿ ಎಣ್ಣೆ ಹಚ್ಚಿ ತಿಕ್ಕುವಳು, ತಂಗಿಯ ಬೆರಳಿನ ಸೀಳುಗಳಿಗೆ ಅಕ್ಕ ಮುಲಾಮು ಸವರುವಳು.

ಮೊದಲು ಬಂದ ಗಂಡು ಡ್ರಾಯಿಂಗ್ ಮೇಷ್ಟ್ರು. ತಂಗಿ ಬೇಡ ಎಂದಳು. ಎರಡನೆಯವನು ಔಷಧಿ ಅಂಗಡಿಯವನು. ಅವನನ್ನೂ ಬೇಡ ಎಂದಳು. "ಯಾಕೆ?" ಎಂದರೆ "ಗೊತ್ತಿಲ್ಲ ಅಕ್ಕ, ಮನಸ್ಸು ಬರ್ತಿಲ್ಲ" ಎನ್ನುವಳು. ಬೇಡ ಎನ್ನುವುದಕ್ಕೆ ಕಾರಣ ಯಾಕೆ ಬೇಕು ಎಂದು ನೊಣದಕ್ಕನಿಗೆ ಆಗ ಹೊಳೆಯಬೇಕಿತ್ತು. ದಿನಕ್ಕೆ ಎಷ್ಟು ಹೆಣ್ಣುಗಳು ಕಾರಣ ಹೇಳದೆ ಒದ್ದು ಓಡುವುದನ್ನು ಅವಳು ಕಂಡಿರಲಿಲ್ಲ? ಆದರೆ ನೊಣಕ್ಕೆ ಕೊಡುವ ಮರ್ಯಾದೆಯನ್ನು ನಾವು ಮನೆಯ ಹೆಣ್ಣಿಗೆ ಕೊಡುವುದಿಲ್ಲ.

ಮೂರನೆಯವನು ಹಾಸಿಗೆ ಅಂಗಡಿಯ ಮಾರಾಟಗಾರ. ತಂಗಿ ಅವನ ಕನ್ನಡಕಕ್ಕೆ ಗಾಜು ಕೂರಿಸಿದ್ದಳಂತೆ. ಆ ನೆಪ ಹಿಡಿದು ಮನೆಗೇ ಬಂದ. ಎಂಥ ಮಾತು! ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಿದ್ದೆ ಬಾರದವರನ್ನು ಅಂಗಡಿಯ ಹಾಸಿಗೆಯ ಮೇಲೆ ಮಲಗಿಸಿ ಮಾತಿನಲ್ಲೇ ಗೊರಕೆ ಹೊಡೆಸಿದವನು ಅವನು. ಬಂದವನು ನೊಣದಕ್ಕನನ್ನು ಕೇಳಿದ: "ನೀವು ಮಾಡೋ ಕೆಲಸ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ನಂಗೆ ನಿಜವಾಗ್ಲೂ ತಿಳ್ಕೋಬೇಕು." ಅಷ್ಟು ವರ್ಷದಲ್ಲಿ ಅದನ್ನು ನಗದೆ ಕೇಳಿದವನು ಅವನೊಬ್ಬನೇ. ಅವಳು ಹೇಳಿದಳು. ಅವನು ತಲೆ ಓರೆ ಮಾಡಿ ಕೇಳಿದ. ಮುಂದಿನ ಸಲ ಬರುವಾಗ ಹಿಂದೆ ಹೇಳಿದ್ದನ್ನೆಲ್ಲ ನೆನಪಿಟ್ಟು, "ಆ ಕಪ್ಪು ಚುಕ್ಕೆ ವಿಷಯ ನಾಕು ಜನಕ್ಕೆ ಹೇಳ್ದೆ, ಬೆರಗಾದ್ರು" ಎಂದ. ಅವಳ ಕುತ್ತಿಗೆಗೆಂದು ಒಂದು ದಿಂಬು ತಂದುಕೊಟ್ಟ. "ಇಷ್ಟು ಸೂಕ್ಷ್ಮ ಕೆಲಸ ಮಾಡೋ ಕೈ ನಾನು ನೋಡಿಲ್ಲ" ಎಂದು ಅವಳ ಕೈಗಳನ್ನು, ಮುಟ್ಟದೆ, ನೋಡಿದ. ಅವಳ ಕಿವಿ ಬಿಸಿಯಾಯಿತು. ಇದೆಲ್ಲ ತಂಗಿಗಾಗಿ ಎಂದು ಅವಳು ಅಂದುಕೊಂಡಳು.

ತಂಗಿ ಮೂಲೆಯಲ್ಲಿ ಕೂತಿದ್ದಳು. ಅವನು ಹೋದ ಮೇಲೆ "ಬೇಡ ಅಕ್ಕ" ಎಂದಳು.

"ಇವನಲ್ಲೇನು ಕಮ್ಮಿ?"

"ಕಮ್ಮಿ ಏನಿಲ್ಲ. ಅವ್ರು ಮಾತಾಡೋವಾಗ ನಾನು ಉಸಿರು ಹಿಡ್ಕೊಂಡು ಕೂತಿರ್ತೀನಿ. ಯಾಕೋ ಗೊತ್ತಿಲ್ಲ."

"ಉಸಿರು ಹಿಡ್ಕೊಳ್ಳೋದು ಒಳ್ಳೇ ಲಕ್ಷಣನೇ" ಎಂದಳು ನೊಣದಕ್ಕ, ಪಂಡಿತಳ ಹಾಗೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅವನಿಗೆ ಇನ್ನೂ ಉತ್ತರ ಕೊಡಬೇಡ, ಯೋಚನೆ ಮಾಡು ಎಂದು ತಂಗಿಗೆ ಹೇಳಿದಳು.

ಅದೇ ದಿನಗಳಲ್ಲಿ, ಚಳಿಗಾಲದ ನಡುವೆ, ಪ್ರಯೋಗಾಲಯದಲ್ಲಿ ಹಾಡಿನ ಪರೀಕ್ಷೆ ನಡೆಯುತ್ತಿತ್ತು. ಪ್ರೊಫೆಸರ್ ಮೇಡಂ ಹೇಳಿದಂತೆ ಅವರ ಶಿಷ್ಯೆ, ಎಲ್ಲರೂ ಉದ್ದನೆಯವಳು ಎನ್ನುತ್ತಿದ್ದ ಸಂಶೋಧಕಿ, ನೊಣದಕ್ಕನನ್ನು ಜೊತೆಗಿಟ್ಟುಕೊಂಡು ಮೊದಲು ಗಂಡುನೊಣಗಳ ಹಾಡನ್ನು ಮೈಕಿನಲ್ಲಿ ಹಿಡಿದಿಟ್ಟಳು. ಆಮೇಲೆ ಬೇರೆ ಗಂಡುಗಳ ರೆಕ್ಕೆ ಕತ್ತರಿಸಿ ಅವನ್ನು ಮೂಕ ಮಾಡಿದರು. ಒಂದು ಮೂಕ ಗಂಡು, ಒಂದು ಕನ್ಯೆ, ಇಬ್ಬರನ್ನೂ ಅಂಗಿಯ ಗುಂಡಿಯಷ್ಟಗಲದ ಗಾಜಿನ ಕೋಣೆಗೆ ಬಿಟ್ಟು ಅಡಿಯಿಂದ ಹಿಡಿದಿಟ್ಟ ಹಾಡು ಹಾಕುವುದು. ಹಾಡು ಕೇಳಿ ಹೆಣ್ಣು ನಿಂತು ಆ ಮೂಕನನ್ನು ಒಪ್ಪಿದರೆ, ಒಪ್ಪಿಗೆ ಹಾಡಿಗೇ ಸಿಕ್ಕಿದ್ದು ಎಂದರ್ಥ. ರೆಕ್ಕೆ ಕತ್ತರಿಸುವುದು, ಕನ್ಯೆಯರನ್ನು ಒದಗಿಸುವುದು ನೊಣದಕ್ಕನ ಪಾಲಿಗೆ.

ಹೆಣ್ಣುಗಳು ಒಪ್ಪಲಿಲ್ಲ. ಒಂದೂ ಒಪ್ಪಲಿಲ್ಲ ಎನ್ನಬೇಕು. ಸರಿಯಾದ ಕುಲದ್ದೇ ಹಾಡು, ಆದರೂ ಒದ್ದವು, ಗಾಜಿಗೆ ಡಿಕ್ಕಿ ಹೊಡೆಯುತ್ತ ಸುತ್ತು ಓಡಿದವು. ವಾರಗಟ್ಟಲೆ ಹೀಗೇ ಆಯಿತು. ಕೊನೆಗೆ ಪ್ರೊಫೆಸರ್ ಮೇಡಂ ಕನ್ನಡಕ ತೆಗೆದಿಟ್ಟು ಮೆಲ್ಲಗೆ ಹೇಳಿದರು: "ನೋಡಮ್ಮ, ಬೇಜಾರು ಮಾಡ್ಕೋಬೇಡ. ನೀನು ಕೊಡ್ತಿರೋ ಹೆಣ್ಣುಗಳು ಕನ್ಯೆಯರಲ್ಲ ಅನ್ಸುತ್ತೆ. ಆರಿಸೋದ್ರಲ್ಲಿ ಎಲ್ಲೋ ತಡ ಆಗ್ತಿದೆ. ಮೊದಲೇ ಗಂಡಿನ ಜೊತೆ ಸೇರಿದ್ದಕ್ಕೇ ಹೀಗೆ ಎಲ್ಲ ಹಾಡನ್ನೂ ಒದಿತಿದಾವೆ."

ಆರಿಸುವುದರಲ್ಲಿ ನೊಣದಕ್ಕ ಎಂದೂ ತಡ ಮಾಡಿದವಳಲ್ಲ. ಅವಳಿಗೆ ಇದ್ದ ಒಂದೇ ಹೆಮ್ಮೆ ಅದು. ತನ್ನ ಕಣ್ಣು ಮಂದವಾಯಿತೇನೋ, ಹಾಸಿಗೆ ಅಂಗಡಿಯವನ ಮಾತನ್ನೇ ಮೆಲುಕು ಹಾಕುತ್ತ ಕೂತು ಚುಕ್ಕೆ ತಪ್ಪಿಸಿಕೊಂಡೆನೇನೋ ಎಂದು ಒಳಗೇ ಕುದಿದಳು. ಒಲ್ಲೆ ಎಂದ ಹೆಣ್ಣುಗಳನ್ನೆಲ್ಲ ಅವಳೇ ಸ್ಮಶಾನಕ್ಕೆ ಸುರಿದಳು. ಬೇಡದ ನೊಣಗಳನ್ನು ಮುಳುಗಿಸುವ ಎಣ್ಣೆಯ ಬಾಟಲಿಗೆ ಅಲ್ಲಿ ಸ್ಮಶಾನ ಎಂದೇ ಹೆಸರು. ಮಂಪರಿನಲ್ಲಿದ್ದವು ಮುಳುಗಿದವು, ಎಚ್ಚರವಿದ್ದ ಕೆಲವು ಎಣ್ಣೆಯ ಮೇಲೆ ಕಾಲಾಡಿಸಿ ಆಮೇಲೆ ಮುಳುಗಿದವು. "ಕೆಟ್ಟವು" ಎಂದಳು ಅವಳು, ಅವುಗಳಿಗೆ ಕೇಳಲಿ ಎಂಬಂತೆ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಆ ಸಂಜೆ ಮನೆಗೆ ಬಂದಾಗ ತಂಗಿ ಟೀ ಲೋಟ ಕೈಗಿಟ್ಟು, "ಅಕ್ಕ, ಯೋಚನೆ ಮಾಡ್ದೆ. ಅವ್ರು ಬೇಡ. ನೀನೇ ಹೇಳಿಬಿಡು" ಎಂದಳು.

"ಮೇಷ್ಟ್ರು ಬೇಡ. ಔಷಧಿಯವನು ಬೇಡ. ಇವನೂ ಬೇಡ."

"ಹೂಂ."

"ಎಲ್ಲ ಹಾಡನ್ನೂ ಒದಿಯೋ ಹೆಣ್ಣು ಯಾವ್ದು ಅಂತ ನಂಗೊತ್ತಿಲ್ವಾ? ಮೊದಲೇ ಯಾರ ಜೊತೆಗೋ ಆಗಿಹೋಗಿರೋದು. ಯಾರು ಅವನು? ಹೇಳು."

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಾಯಿಂದ ಬಿದ್ದ ಮೇಲೆ ಅವಳಿಗೇ ಬೆಚ್ಚಿಬೀಳುವ ಹಾಗಾಯಿತು. ಆಗಲೇ ತಂಗಿಯ ಕೈ ಹಿಡಿದು, ಹೊಟ್ಟೆಗೆ ಹಾಕ್ಕೋ, ಏನೋ ಅಂದುಬಿಟ್ಟೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಗಿ ಅವಳನ್ನೇ ನೋಡಿದಳು. "ಯಾರೂ ಇಲ್ಲ ಅಕ್ಕ" ಎಂದಳು. ಅದು ನಿಜವಾಗಿತ್ತು. ನಿಜಕ್ಕೆ ಅಲಂಕಾರ ಇರುವುದಿಲ್ಲವಾದ್ದರಿಂದ ಅಕ್ಕ ನಂಬಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಮರುದಿನ ಊಟದ ಬಿಡುವಿನಲ್ಲಿ ನೊಣದಕ್ಕ ಕನ್ನಡಕದ ಅಂಗಡಿಗೇ ಹೋದಳು. ಕೌಂಟರಿನ ಹೆಂಗಸನ್ನು ಪಕ್ಕಕ್ಕೆ ಕರೆದು, "ನಮ್ಮವಳನ್ನ ನೋಡೋಕೆ ಯಾರಾದ್ರೂ ಬರ್ತಾರಾ? ಸಂಜೆ ಯಾರ ಜೊತೆ ಹೋಗ್ತಾಳೆ?" ಎಂದು ಪಿಸುಗುಟ್ಟಿದಳು. ನೊಣದಕ್ಕನ ಪಿಸುಮಾತು ಎಂದರೆ ಬೇರೆಯವರ ಕೂಗು. ಹಿಂದಿನ ಕೋಣೆಯಲ್ಲಿ ಚಕ್ರದ ಸದ್ದು ನಿಂತಿತು. ಅಂಗಡಿಯ ಯಜಮಾನ ತಲೆಯೆತ್ತಿದ, ಕಣ್ಣು ಪರೀಕ್ಷೆಗೆ ಕೂತಿದ್ದವರು ತಿರುಗಿದರು. ತಂಗಿ ಒದ್ದೆ ಕೈಗಳನ್ನು ಮುಂದಕ್ಕೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೌಂಟರಿನ ಹೆಂಗಸು "ಅಯ್ಯೋ, ಆ ಹುಡುಗಿ ತಲೆ ಎತ್ತಿ ನೋಡಿದ್ದೇ ನಾ ಕಾಣೆ" ಎಂದಳು. ಹಾಗೆಂದವಳೇ ವಾರದೊಳಗೆ ನಾಲ್ಕು ಮನೆಗೆ ಹೇಳಿದಳು, ಬೆಂಕಿ ಇಲ್ಲದೆ ಹೊಗೆಯಾಡುತ್ತಾ ಎಂದು. ಬೀಗ ರಿಪೇರಿಯವನೂ ತಮಾಷೆ ಮಾಡುವುದನ್ನು ನಿಲ್ಲಿಸಿದ.

"ಆಯ್ತು" ಎಂದಳು ತಂಗಿ ಒಂದು ದಿನ, ಬಟ್ಟೆ ಮಡಿಸುತ್ತ. "ಆ ಹಾಸಿಗೆ ಅಂಗಡಿಯವರಿಗೇ ಹೇಳು."

"ಮನಸ್ಸಿಂದ ಹೇಳ್ತಿದೀಯಾ?"

"ಇನ್ಯಾರ ಮನಸ್ಸು ಬೇಕು ನಿಂಗೆ?"

ನೊಣದಕ್ಕ ಅದನ್ನು ಒಪ್ಪಿಗೆ ಎಂದುಕೊಂಡಳು. ಗುಂಡಿಯಷ್ಟಗಲದ ಕೋಣೆಯಲ್ಲಿ ಓಡಲು ಜಾಗವಿಲ್ಲದೆ ದಣಿದು ನಿಲ್ಲುವ ಹೆಣ್ಣೂ ಇದೆ, ಹಾಡಿಗೆ ನಿಲ್ಲುವ ಹೆಣ್ಣೂ ಇದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಇವಳು ದೂರದವಳಲ್ಲ, ಆದರೂ ನೋಡಲಿಲ್ಲ. ನೋಂದಣಿ ಕಚೇರಿಯಲ್ಲಿ ಸಹಿ ಹಾಕುವಾಗ ಮದುಮಗ ಗುಮಾಸ್ತನನ್ನೂ ನಗಿಸಿದ. ಎಲ್ಲರಿಗಿಂತ ಹೆಚ್ಚು ನಕ್ಕವಳು ನೊಣದಕ್ಕ.

ಮದುವೆಯಾದ ಮೇಲೆ ತಂಗಿ ಕೆಲಸ ಬಿಟ್ಟಳು. ಬಿಟ್ಟಳು ಎಂದರೆ ಅವನು ಬಿಡಿಸಿದ, ಬಹಳ ಒಳ್ಳೆಯ ಮಾತಿನಲ್ಲಿ. ಅವಳ ಬೆರಳುಗಳ ಸೀಳು ನೋಡಿ ತನಗೆ ನಿದ್ದೆ ಬರುವುದಿಲ್ಲ ಎಂದನಂತೆ. ಫೋನನ್ನೂ ಹಾಗೆಯೇ ತೆಗೆದಿಟ್ಟುಕೊಂಡ. ಅವನ ಮನೆಯಲ್ಲಿ ಸೋಫಾ, ಮಂಚಗಳಿಗೆಲ್ಲ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಕೂತರೆ ಚರಚರ ಸದ್ದು. ಅವನು ಸಂಜೆಯಿಂದ ಮಲಗುವವರೆಗೆ ಮಾತಾಡುವನು, ತಂಗಿ ಕೇಳಬೇಕು. ಕೇಳಿ ಬೆರಗಾಗಬೇಕು. ಅವಳಿಗೆ ಬೆರಗಾಗಲು ಬರುತ್ತಿರಲಿಲ್ಲ. ಮಾತಿಗೆ ಉತ್ತರ ಸಿಗದಾಗ ಅವನ ಕೈ ಮಾತಾಡತೊಡಗಿತು.

ಒಂದು ಭಾನುವಾರ ನೊಣದಕ್ಕ ಹೋದಾಗ ತಂಗಿಯ ಮೊಣಕೈ ಮೇಲೆ ಕಂದು ಕಲೆಗಳಿದ್ದವು, ನಾಲ್ಕು ಬೆರಳಿನ ಅಳತೆಗೆ. "ಏನೇ ಇದು?" ಎಂದಳು.

"ಬಾಗಿಲು ತಗುಲ್ತು."

ನೊಣದಕ್ಕ ಹೊರಗೆ ಬಂದು ಅವನನ್ನೇ ಕೇಳಿದಳು. ಗದರಿಸಬೇಕು ಎಂದೇ ಹೋಗಿದ್ದಳು. ಅವನು ಅವಳನ್ನು ಕೂರಿಸಿ, ನೀರು ಕೊಟ್ಟು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ: "ಅಕ್ಕ, ನೀವು ಕೇಳಿದ್ದೇ ಒಳ್ಳೇದಾಯ್ತು. ಅವಳು ನನ್ನ ಜೊತೆ ಒಂದು ಮಾತೂ ಆಡಲ್ಲ. ಏನೋ ಒಂದು ಮನಸ್ಸಲ್ಲಿ ಇಟ್ಕೊಂಡಿದಾಳೆ. ನಿಮ್ಮಷ್ಟು ಅರ್ಥ ಮಾಡ್ಕೊಳ್ಳೋರು ನಂಗೆ ಬೇರೆ ಯಾರಿದಾರೆ?" ಇನ್ನೂ ಏನೇನೋ ಹೇಳಿದ. ಬಸ್ಸಿನಲ್ಲಿ ಕೂತಾಗ ಅವಳಿಗೆ ಸಮಾಧಾನವಾಗಿತ್ತು. ಕಲೆಗಳು ಅವಳಿಗೆ ನೆನಪಾದದ್ದು ಮನೆ ಮುಟ್ಟಿದ ಮೇಲೆ, ಅದೂ ಬಾಗಿಲಿನವೇ ಇರಬಹುದು ಎಂಬಂತೆ.

ಚಳಿಗಾಲ ಮತ್ತೆ ಬಂದಾಗ ಪ್ರಯೋಗಾಲಯದ ಗುಟ್ಟು ರಟ್ಟಾಯಿತು. ಹೊಸದಾಗಿ ಹಾಡು ಹಿಡಿಯಬೇಕೆಂದು ಉದ್ದನೆಯವಳು ಮೈಕು ಜೋಡಿಸುತ್ತಿದ್ದಳು. "ಹೀಟರಿನ ಗುಂಯ್ ಸದ್ದು ಮೈಕಿಗೆ ಬೀಳುತ್ತೆ. ಹೋದ ಸಲದ ಹಾಗೇ ಅದರ ಪ್ಲಗ್ಗು ಕಿತ್ತುಬಿಡಿ ಅಕ್ಕ" ಎಂದಳು. ನೊಣದಕ್ಕ ಪ್ಲಗ್ಗಿಗೆ ಕೈ ಹಾಕಿದಳು. ಬಾಗಿಲಲ್ಲಿ ನಿಂತಿದ್ದ ಪ್ರೊಫೆಸರ್ ಮೇಡಂ, "ಹೋದ ಸಲವೂ ಹೀಟರ್ ಆರಿಸಿದ್ರಾ?" ಎಂದರು. ಆರಿಸಿದ್ದರು. ಉದ್ದನೆಯವಳು, ನೊಣದಕ್ಕ ಇಬ್ಬರೂ ಸ್ವೆಟರ್ ಹಾಕಿಕೊಂಡು, ಉಸಿರು ಬಿಗಿಹಿಡಿದು, ಸದ್ದಾಗಬಾರದೆಂದು ಚಪ್ಪಲಿಯನ್ನೂ ಬಿಚ್ಚಿಟ್ಟು ಹಾಡು ಹಿಡಿದಿದ್ದರು. ಮೇಡಂ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಚಳಿಯಲ್ಲಿ ನೊಣದ ರೆಕ್ಕೆ ನಿಧಾನವಾಗುತ್ತದೆ, ಬಡಿತಗಳ ನಡುವಿನ ಬಿಡುವು ಹಿಗ್ಗುತ್ತದೆ. ಆ ಹಿಗ್ಗಿದ ಹಾಡನ್ನು ಇವರು ಹೀಟರ್ ಹಾಕಿದ ಬೆಚ್ಚಗಿನ ಕೋಣೆಯ ಹೆಣ್ಣುಗಳಿಗೆ ಕೇಳಿಸಿದ್ದರು. ಅವುಗಳ ಕಿವಿಗೆ ಅದು ಯಾವನೋ ಪರಕುಲದವನ ಹಾಡು.

"ಹಾಗಾದ್ರೆ ಆ ಹೆಣ್ಣುಗಳು?" ಎಂದಳು ನೊಣದಕ್ಕ.

"ಎಲ್ಲ ಸರಿಯಾಗೇ ಇದ್ವು. ನೀನು ಆರಿಸಿದ್ದು ಸರಿಯಾಗಿತ್ತು. ತಪ್ಪು ಹಾಡಿಂದು. ನಿನ್ನ ಮೇಲೆ ಹೊರಿಸಿಬಿಟ್ಟೆ, ಮನಸ್ಸಿಗೆ ತಗೋಬೇಡ" ಎಂದು ಮೇಡಂ ಅವಳ ಭುಜ ಮುಟ್ಟಿದರು. ಉದ್ದನೆಯವಳು ಅಳುವುದೋ ನಗುವುದೋ ಗೊತ್ತಾಗದೆ ಮೈಕಿನ ತಂತಿ ಸುತ್ತುತ್ತಿದ್ದಳು. ಬೇರೆಯವರಾಗಿದ್ದರೆ ಗೆದ್ದೆ ಎನ್ನುತ್ತಿದ್ದರು. ನೊಣದಕ್ಕ ಕೈಚೀಲವನ್ನೂ ತೆಗೆದುಕೊಳ್ಳದೆ, ಹಿಟ್ಟು ಮೆತ್ತಿದ ಅಂಗಿಯಲ್ಲೇ ತಂಗಿಯ ಮನೆಗೆ ಹೊರಟಳು.

ತಂಗಿ ಇಸ್ತ್ರಿ ಮಾಡುತ್ತಿದ್ದಳು, ಅವನ ಅಂಗಿಗಳನ್ನು. ಕೆಳತುಟಿ ಊದಿತ್ತು. ನೊಣದಕ್ಕ ನಿಂತಲ್ಲೇ ಎಲ್ಲ ಹೇಳಿದಳು. ಹೀಟರು, ಚಳಿ, ಬಡಿತ, ಬಿಡುವು, ಒಂದೇ ಉಸಿರಿನಲ್ಲಿ, ಅಡ್ಡಾದಿಡ್ಡಿ. "ತಪ್ಪು ಹೆಣ್ಣುಗಳದ್ದಲ್ಲ ಕಣೇ. ಅವು ಸರಿಯಾಗೇ ಇದ್ವು. ಬೇಡ ಅಂದಿದ್ದು ಸರಿಯಾಗೇ ಇತ್ತು. ನಾನು... ನಿನ್ನ ಬಾಯಿಂದ ಬಂದ ಬೇಡಾನ ನಾನು ಕೇಳಲಿಲ್ಲ. ಪಾಪಿ ನಾನು."

ತಂಗಿ ಅಂಗಿಯ ಕಾಲರು ತಿರುಗಿಸಿದಳು. "ಆ ನೊಣಗಳು ಏನಾದ್ವು?"

"ಯಾವುವು?"

"ಬೇಡ ಅಂದಿದ್ವಲ್ಲ, ಅವು."

"ಎಣ್ಣೆಗೆ ಹಾಕ್ದೆ."

"ನೀನೇನಾ?"

"ನಾನೇ."

"ಹೂಂ" ಎಂದಳು ತಂಗಿ. ಇಸ್ತ್ರಿಪೆಟ್ಟಿಗೆ ಮುಂದಕ್ಕೂ ಹಿಂದಕ್ಕೂ ಹೋಯಿತು.

"ಬಾ, ಮನೆಗೆ ಹೋಗೋಣ. ಈಗಲೇ. ಹಾಕ್ಕೊಂಡಿರೋ ಬಟ್ಟೇಲೇ ಬಾ."

"ಹೋಗು ಅಕ್ಕ. ಅವ್ರು ಬರೋ ಹೊತ್ತಾಯ್ತು." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ನೊಣದಕ್ಕ ಕಾಲಾದರೂ ಹಿಡಿಯುತ್ತಿದ್ದಳು. ಬಾಗಿಲವರೆಗೆ ಬಂದ ತಂಗಿ, ಅಕ್ಕನ ಕೂದಲಿಗೆ ಅಂಟಿದ್ದ ಹಿಟ್ಟಿನ ಚೂರೊಂದನ್ನು ಬಿಡಿಸಿ ತೆಗೆದಳು. ಆಮೇಲೆ ಬಾಗಿಲು ಹಾಕಿಕೊಂಡಳು.

ಚಳಿಗಾಲ ಮುಗಿಯುವ ಹೊತ್ತಿನ ಒಂದು ಭಾನುವಾರ ಮಧ್ಯಾಹ್ನ ಹಾಸಿಗೆ ಅಂಗಡಿಯವನು ನೊಣದಕ್ಕನ ಮನೆಯ ಬಾಗಿಲು ತಟ್ಟಿದ. ಗಡ್ಡ ಬೆಳೆದಿತ್ತು, ಅಂಗಿ ಇಸ್ತ್ರಿ ಕಂಡಿರಲಿಲ್ಲ. ತಂಗಿ ಹೊರಟುಹೋಗಿ ಆಗಲೇ ಕೆಲವು ದಿನಗಳಾಗಿದ್ದವಂತೆ. ಅವನು ಅಂಗಡಿಗೆ ಹೋಗಿದ್ದಾಗ, ಒಂದು ಕೈಚೀಲದೊಡನೆ. ಯಾರಿಗೂ ಹೇಳಿರಲಿಲ್ಲ.

ನೊಣದಕ್ಕನಿಗೂ ಹೇಳಿರಲಿಲ್ಲ. ಅದನ್ನು ಕೇಳಿದೊಡನೆ ಎದೆಯಲ್ಲಿ ಎದ್ದ ನೋವಿಗೆ ಅವಳು ಗೋಡೆ ಹಿಡಿದುಕೊಂಡಳು. ತೊಡೆಯ ಮೇಲೆ ಬೆಳೆದ ಕೂಸು, ಮುಳುಗುವಾಗಲೂ ತನ್ನ ಕೈ ಬೇಡವೆಂದಿತಲ್ಲ.

ಅವನು ಒಳಗೆ ಬಂದು ಕೂತು ಮಾತಾಡತೊಡಗಿದ. ಅವನನ್ನು ಹೊರಗೆ ದಬ್ಬಬೇಕಿತ್ತು, ಚಪ್ಪಲಿ ತೆಗೆದುಕೊಳ್ಳಬೇಕಿತ್ತು. ಅವಳು ಟೀಗೆ ನೀರಿಟ್ಟಳು. ಅವನು ತನ್ನ ತಪ್ಪನ್ನೆಲ್ಲ ಒಪ್ಪಿಕೊಂಡ, ಒಂದೊಂದಾಗಿ, ಅವಳು ಕೇಳುವ ಮೊದಲೇ. ಹೊಡೆದದ್ದನ್ನೂ ಹೇಳಿದ, ಹೇಳುವಾಗ ತನ್ನ ಕೈಯನ್ನು ತಾನೇ ಅಸಹ್ಯದಿಂದ ನೋಡಿಕೊಂಡ. "ಅಕ್ಕ, ನಾನು ಕೆಟ್ಟೋನು. ಆದ್ರೆ ಅವಳು ಎಲ್ಲಿ ಮಲಗಿದಾಳೋ, ಏನು ತಿಂತಿದಾಳೋ ಅಂತ ನೆನೆಸ್ಕೊಂಡ್ರೆ ನನ್ನ ಉಸಿರು ನಿಲ್ಲುತ್ತೆ. ನಂಗೆ ಅವಳನ್ನ ವಾಪಸ್ ಕರ್ಕೊಂಡು ಹೋಗೋದು ಬೇಡ. ಕ್ಷೇಮವಾಗಿದಾಳಾ ಅಂತ ದೂರದಿಂದ ನೋಡಿದ್ರೆ ಸಾಕು. ಯಾರಾದ್ರೂ ಗೆಳತಿ, ಚಿಕ್ಕಮ್ಮ, ಹಳೇ ಅಂಗಡಿಯೋರು... ಅವಳನ್ನ ನಿಮ್ಮಷ್ಟು ಬಲ್ಲೋರು ಈ ಪ್ರಪಂಚದಲ್ಲಿ ಇಲ್ಲ. ಯೋಚನೆ ಮಾಡಿ ಹೇಳಿ."

ಅವಳು ಯೋಚಿಸಿದಳು. ಅವನ ದನಿ ತಗ್ಗಿ ಏರಿ ಮತ್ತೆ ತಗ್ಗುತ್ತಿತ್ತು, ಎದೆಯ ಬಿಗಿತ ತಾನಾಗಿಯೇ ಸಡಿಲವಾಗುತ್ತಿತ್ತು. ಪಾಪ, ಹೇಗೆ ಸೊರಗಿದ್ದಾನೆ ಎನಿಸಿತು. ಸಮುದ್ರದ ಕಡೆಯ ಊರಲ್ಲಿ ಅವ್ವನ ತಂಗಿಯೊಬ್ಬಳಿದ್ದಳಲ್ಲ? ಇಲ್ಲ, ಅವಳು ತೀರಿಕೊಂಡಳು. ಗಾಜು ಅರೆಯುವುದನ್ನು ಕಲಿಸಿದ ಹೆಂಗಸು ಯಾವ ಊರಿಗೆ ಹೋದಳು? ತಂಗಿ ಒಮ್ಮೆ ಹೇಳಿದ್ದಳು, ದೊಡ್ಡ ಕಾರ್ಖಾನೆ ಎಂದು. ಊರಿನ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಹಣೆ ತಿಕ್ಕಿಕೊಂಡು, ಕಣ್ಣು ಮುಚ್ಚಿ, ಅದನ್ನು ಹುಡುಕತೊಡಗಿದಳು. ಹುಡುಕುತ್ತಿರುವುದು ಯಾರಿಗಾಗಿ ಎಂಬುದು ಆಗ ಅವಳಿಗೆ ಕಂಡಿತು.

ಕಣ್ಣು ಬಿಟ್ಟಳು. ಅವನು ಮುಂದಕ್ಕೆ ಬಾಗಿ, ತಲೆ ಓರೆ ಮಾಡಿ, ಅವಳ ತುಟಿಗಳನ್ನೇ ನೋಡುತ್ತಿದ್ದ. ಮೊದಲ ದಿನದಿಂದಲೂ ಅವನು ಹಾಡಿದ್ದು ಈ ಕಿವಿಗೆ. ಒಪ್ಪಿದ್ದೂ ಇದೇ ಕಿವಿ. ಅನುಭವಿಸಿದ್ದು ಮೂಲೆಯಲ್ಲಿ ಉಸಿರು ಹಿಡಿದು ಕೂತವಳು.

"ನಂಗೊತ್ತಿಲ್ಲ" ಎಂದಳು.

"ಅಕ್ಕ, ಸ್ವಲ್ಪ ನೆನಪು..."

"ನಂಗೆ ಏನೂ ಗೊತ್ತಿಲ್ಲಪ್ಪ. ಅವಳು ನಂಗೆ ಹೇಳಿಲ್ಲ."

ಅವನು ಮತ್ತೆ ಬರುತ್ತೇನೆಂದು ಹೇಳಿ ಎದ್ದ. ಮೆಟ್ಟಿಲಿನಲ್ಲಿ ಬೀಗ ರಿಪೇರಿಯವನೊಡನೆ ಏನೋ ಮಾತಾಡಿದ್ದು ಕೇಳಿಸಿತು. ಬಹಳ ದಿನದ ಮೇಲೆ ಬೀಗದವನು ನಕ್ಕದ್ದೂ ಕೇಳಿಸಿತು. ನೊಣದಕ್ಕ ಒಳಗಿನಿಂದ ಅಗಳಿ ಹಾಕಿದಳು. ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ತಂಗಿ ತನಗೆ ಹೇಳದೆ ಹೋದಳೆಂಬ ನೋವು ಎದೆಯಲ್ಲಿ ಹಾಗೇ ಇತ್ತು. ಅದರ ಪಕ್ಕದಲ್ಲೇ, ಸದ್ಯ ಹೇಳಲಿಲ್ಲವಲ್ಲ ಎಂಬ ನಿಟ್ಟುಸಿರೂ ಇತ್ತು. ತಂಗಿ ಅವಳನ್ನು ಸರಿಯಾಗಿಯೇ ಅಳೆದಿದ್ದಳು. ಗೊತ್ತಿದ್ದರೆ ಇವಳು ಹೇಳಿಬಿಡುತ್ತಿದ್ದಳು.